ಹಳೇ ಪತ್ರಿಕೆಯನ್ನು ತಿನ್ನುವುದು ಮಳೆಯಲ್ಲ

ಮಲೆನಾಡಿನ ಹಳೇ ಮನೆಗಳ ಅಟ್ಟದ ಮೇಲೆ ಒಂದು ವಿಜ್ಞಾನ ಪ್ರಯೋಗ ತನ್ನಷ್ಟಕ್ಕೆ ನಡೆಯುತ್ತಿರುತ್ತದೆ. ಒಂದೇ ಮರದ ಪೆಟ್ಟಿಗೆ. ಅದರಲ್ಲಿ ಮುತ್ತಜ್ಜನ ಕಾಲದ ಜಮೀನು ಪತ್ರ ಒಂದು ಕಡೆ, 1970ರ ದಶಕದ ಪತ್ತೇದಾರಿ ಕಾದಂಬರಿಗಳೂ ಮಾಸಪತ್ರಿಕೆಗಳೂ ಇನ್ನೊಂದು ಕಡೆ. ಎರಡಕ್ಕೂ ಅದೇ ಥಂಡಿ, ಅದೇ ಒಲೆಯ ಹೊಗೆ. ವಯಸ್ಸು ಜಮೀನು ಪತ್ರಕ್ಕೇ ಜಾಸ್ತಿ. ಆದರೂ ಅದನ್ನು ಬಿಡಿಸಿದರೆ ಮೆತ್ತಗೆ ಬಿಚ್ಚಿಕೊಳ್ಳುತ್ತದೆ, ಅಕ್ಷರ ಸ್ಪಷ್ಟವಾಗಿ ಕಾಣುತ್ತದೆ. ಪತ್ರಿಕೆಯ ಪುಟವೋ ಕಂದು ಬಣ್ಣಕ್ಕೆ ತಿರುಗಿರುತ್ತದೆ. ಮೂಲೆ ಮಡಚಿದರೆ ಪಟ್ ಅಂತ ಕೈಗೇ ಬರುತ್ತದೆ.

ಮಳೆಯೇ ಕಾರಣ ಆಗಿದ್ದರೆ ಎರಡೂ ಹಾಳಾಗಬೇಕಿತ್ತು. ವಯಸ್ಸೇ ಕಾರಣ ಆಗಿದ್ದರೆ ಪತ್ರ ಮೊದಲು ಹೋಗಬೇಕಿತ್ತು. ಎರಡೂ ಆಗಿಲ್ಲ ಅಲ್ವಾ? ಹಾಗಾದರೆ ಕಾರಣ ಅಟ್ಟದಲ್ಲಿಲ್ಲ, ಕಾಗದದ ಒಳಗೇ ಇದೆ. ಹಳೇ ಪತ್ರಿಕೆ ಕೂಡಿಡುವವರಿಗೆ ನಾನು ಮತ್ತೆ ಮತ್ತೆ ಹೇಳುವ ಮಾತು ಇದೊಂದೇ. ಅಗ್ಗದ ಪತ್ರಿಕೆ ತನ್ನನ್ನು ಕೊಲ್ಲುವ ಆಮ್ಲವನ್ನು ಕಾರ್ಖಾನೆಯಿಂದಲೇ ಹೊತ್ತು ತಂದಿರುತ್ತದೆ. ನಮ್ಮ ಮಳೆ ಆ ಕೆಲಸವನ್ನು ಚುರುಕು ಮಾಡುತ್ತದೆ, ಅಷ್ಟೇ.

ಈ ಕಾಗದ ಹುಟ್ಟಿದ ಕತೆ ತುಂಬಾ ಚೆಂದ. ನಮ್ಮ ಸೂರಿನ ಕೆಳಗೆ ಕಣಜದ ಹುಳು ಬೂದು ಬಣ್ಣದ ಗೂಡು ಕಟ್ಟುವುದನ್ನು ಎಲ್ಲರೂ ನೋಡಿದ್ದೀರಿ. ಆ ಹುಳು ಒಣಮರದ ಮೇಲೆ ಕೂತು ಎಳೆ ಕೆರೆದು, ಅಗಿದು, ಎಂಜಲು ಬೆರೆಸಿ ತೆಳ್ಳಗೆ ಹರಡುತ್ತದೆ. ಒಣಗಿದರೆ ಕಾಗದ! 1719ರಲ್ಲಿ ಫ್ರಾನ್ಸಿನ ರೆಯೋಮ್ಯೂರ್ ಇದನ್ನು ಗಮನಿಸಿ, ಮರದಿಂದಲೂ ಕಾಗದ ಮಾಡಬಹುದು ಎಂದು ಸೂಚಿಸಿದರು. ಆಗ ಯುರೋಪಿನಲ್ಲಿ ಕಾಗದ ಅಂದರೆ ಹಳೇ ಬಟ್ಟೆ ಚಿಂದಿ. ಹತ್ತಿ, ನಾರುಬಟ್ಟೆ ಕೊಳೆಸಿ, ಜಜ್ಜಿ ಮಾಡಿದ್ದು. ಓದುವವರು ಹೆಚ್ಚಿದಂತೆ ಚಿಂದಿ ಸಾಲದಾಯಿತು. 1844ರ ಹೊತ್ತಿಗೆ ಜರ್ಮನಿಯ ಕೆಲ್ಲರ್, ಕೆನಡಾದ ಫೆನರ್ಟಿ ಒಬ್ಬರಿಗೊಬ್ಬರು ಗೊತ್ತಿಲ್ಲದೆ ಒಂದೇ ದಾರಿ ಹಿಡಿದರು. ಮರದ ತುಂಡನ್ನು ಅರೆದು ತಿರುಳು ಮಾಡಿ, ಅದರಿಂದ ಕಾಗದ ತೆಗೆದರು.

ಇದರಿಂದ ಕಾಗದ ಎಷ್ಟು ಅಗ್ಗವಾಯಿತು ಅಂದರೆ, ಕತೆ ಓದುವುದು ದುಡ್ಡಿದ್ದವರ ಸೊತ್ತಾಗಿ ಉಳಿಯಲಿಲ್ಲ. 1896ರಲ್ಲಿ ಅಮೆರಿಕದ 'ಆರ್ಗಸಿ' ಈ ಒರಟು ಕಾಗದಕ್ಕೆ ಬಂದು ಬರೀ ಕತೆಗಳ ಪತ್ರಿಕೆಯಾಯಿತು. 1923ರಲ್ಲಿ 'ವಿಯರ್ಡ್ ಟೇಲ್ಸ್', 1926ರಲ್ಲಿ 'ಅಮೇಜಿಂಗ್ ಸ್ಟೋರೀಸ್' ಬಂದವು. ಪಲ್ಪ್ ಅಂದರೆ ಮರದ ತಿರುಳು; ಅಲ್ಲಿನ ಈ ಪಲ್ಪ್ ಮ್ಯಾಗಝೀನುಗಳನ್ನು ಕೂಡಿಡುವವರು ಮುಖಪುಟಕ್ಕೆ ಎಷ್ಟು ಬೆಲೆ ಕೊಡುತ್ತಾರೋ ಒಳಪುಟದ ಬಿಳುಪಿಗೂ ಅಷ್ಟೇ ಬೆಲೆ ಕೊಡುತ್ತಾರೆ. ನಮ್ಮಲ್ಲಿ ಆ ಜಾಗ ತುಂಬಿದ್ದು ಬಸ್‌ಸ್ಟ್ಯಾಂಡಿನ ಪುಸ್ತಕದಂಗಡಿಯ ಪತ್ತೇದಾರಿ ಕಾದಂಬರಿಗಳು. ಎನ್. ನರಸಿಂಹಯ್ಯನವರೊಬ್ಬರೇ ಐನೂರಕ್ಕೂ ಹೆಚ್ಚು ಬರೆದರು. ಶಿವಮೊಗ್ಗದಿಂದ ಸಾಗರಕ್ಕೋ ತೀರ್ಥಹಳ್ಳಿಗೋ ಹೋಗುವಾಗ ಓದಿ ಮುಗಿಸುವ ಪುಸ್ತಕ ಅವು. ಕನ್ನಡ ಓದುವ ಅಭ್ಯಾಸ ಎಷ್ಟೋ ಜನರಿಗೆ ಬಂದಿದ್ದು ಅಲ್ಲಿಂದಲೇ. ಗ್ರಂಥಾಲಯದ ಕಪಾಟಿನಲ್ಲಿ ಮಾತ್ರ ಅವು ಅಷ್ಟಾಗಿ ಸಿಗುವುದಿಲ್ಲ.

ಈಗ ಕಾಗದದ ಒಳಗೆ ಹೋಗೋಣ. ಇಲ್ಲಿ ಎರಡು ಬೇರೆ ಬೇರೆ ಕೆಲಸ ನಡೆಯುತ್ತವೆ. ಜನ ಎರಡನ್ನೂ ಒಂದೇ ಅಂದುಕೊಂಡುಬಿಡುತ್ತಾರೆ. ಒಂದು ಹಳದಿಯಾಗುವುದು, ಇನ್ನೊಂದು ಪುಡಿಯಾಗುವುದು.

ಹಳದಿಗೆ ಕಾರಣ ಲಿಗ್ನಿನ್. ಮರದ ಸುಮಾರು ಕಾಲು ಭಾಗ ಲಿಗ್ನಿನ್ನೇ. ಮರ ಸೆಟೆದು ನಿಲ್ಲುವುದು ಅದರಿಂದ. ಒಳ್ಳೇ ಕಾಗದ ಮಾಡುವಾಗ ರಾಸಾಯನಿಕ ಹಾಕಿ ಬೇಯಿಸಿ ಅದನ್ನು ತೆಗೆಯುತ್ತಾರೆ. ಅಗ್ಗದ ಕಾಗದದಲ್ಲಿ ಹಾಗೇ ಬಿಡುತ್ತಾರೆ. ಬೆಳಕು, ಗಾಳಿ ತಾಗಿದರೆ ಲಿಗ್ನಿನ್ ಬಣ್ಣ ತಿರುಗುತ್ತದೆ. ನೋಡಬೇಕು ಅಂದರೆ ಇವತ್ತಿನ ದಿನಪತ್ರಿಕೆಯ ಒಂದು ಹಾಳೆಯನ್ನು ಬಿಸಿಲಿಗಿಡಿ, ಅರ್ಧ ಭಾಗದ ಮೇಲೆ ಒಂದು ರಟ್ಟು ಮುಚ್ಚಿ. ಏಪ್ರಿಲ್ ಬಿಸಿಲಾದರೆ ಕೆಲವೇ ದಿನದಲ್ಲಿ ಗೆರೆ ಎಳೆದ ಹಾಗೆ ಎರಡು ಬಣ್ಣ ಕಾಣುತ್ತದೆ. ಹಳೇ ಪತ್ರಿಕೆಯ ಪುಟದ ಅಂಚು ಕಂದಾಗಿದ್ದು ನಡುಭಾಗ ತಿಳಿಯಾಗಿ ಉಳಿಯುವುದೂ ಇದಕ್ಕೇ. ಗಾಳಿ ಬೆಳಕು ಅಂಚಿನಿಂದ ಒಳಗೆ ಬರುತ್ತವೆ.

ಹಳದಿ ಆದದ್ದಕ್ಕೆ ಪುಸ್ತಕ ಸಾಯುವುದಿಲ್ಲ. ಸಾಯುವುದು ನಾರು ತುಂಡಾದಾಗ. ಕಾಗದದ ನಾರು ಸೆಲ್ಯುಲೋಸ್. ಗ್ಲೂಕೋಸ್ ಕೊಂಡಿಗಳು ಒಂದರ ಹಿಂದೆ ಒಂದು ಸಾವಿರಗಟ್ಟಲೆ ಸೇರಿದ ಉದ್ದನೆಯ ಸರಪಳಿ ಅದು. ಆಮ್ಲ ಇದ್ದಲ್ಲಿ ಒಂದು ನೀರಿನ ಅಣು ಎರಡು ಕೊಂಡಿಯ ನಡುವೆ ಸೇರಿ ಅವನ್ನು ಬಿಡಿಸುತ್ತದೆ. ಆಮ್ಲ ಮಾತ್ರ ಖರ್ಚಾಗುವುದಿಲ್ಲ. ಅದು ಮುಂದಿನ ಕೊಂಡಿಗೆ ಹೋಗುತ್ತದೆ.

ನನಗೆ ಇದರಲ್ಲಿ ಅತ್ಯಂತ ರೋಮಾಂಚನ ಅನಿಸುವುದು ಲೆಕ್ಕ. ಸರಪಳಿಯಲ್ಲಿ ಸಾವಿರ ಕೊಂಡಿ ಇದೆ ಅಂತ ಇಟ್ಟುಕೊಳ್ಳಿ. ಅದು ತುಂಡಾಗಿ ಒಂದೊಂದು ತುಂಡಿನ ಕೊಂಡಿಗಳ ಸಂಖ್ಯೆ 200ರ ಆಸುಪಾಸಿಗೆ ಇಳಿದರೆ ಆ ಕಾಗದ ಮಡಿಕೆ ತಡೆಯುವುದಿಲ್ಲ, ಮುಟ್ಟಿದರೆ ಮುರಿಯುತ್ತದೆ. ಸಾವಿರವನ್ನು 200ಕ್ಕೆ ಇಳಿಸಲು ಎಷ್ಟು ಕಡೆ ಕತ್ತರಿಸಬೇಕು? ಬರೀ ನಾಲ್ಕು ಕಡೆ! ಉಳಿದ 990 ಚಿಲ್ಲರೆ ಜೋಡಣೆ ಗಟ್ಟಿಯಾಗೇ ಇರುತ್ತವೆ. ಅಡಿಕೆ ಕೊನೆಗಾರ ಗೊನೆ ಇಳಿಸುವ ಹಗ್ಗವನ್ನು ನೆನೆಸಿಕೊಳ್ಳಿ. ನಡುವೆ ನಾಲ್ಕು ಕಡೆ ಕತ್ತರಿಸಿ, ಇಡೀ ಹಗ್ಗ ಇಲ್ಲೇ ಇದೆಯಲ್ಲ, ತೂಕವೂ ಕಡಿಮೆಯಾಗಿಲ್ಲ ಅಂದರೆ ಅವನು ಮರ ಹತ್ತುತ್ತಾನೆಯೇ? ಪತ್ರಿಕೆಯದೂ ಅದೇ ಪಾಡು. ತೂಗಿದರೆ ಏನೂ ಕಳೆದಿರುವುದಿಲ್ಲ. ಹಿಡಿದರೆ ಉಳಿಯುವುದಿಲ್ಲ.

ಆಮ್ಲ ಬಂದದ್ದು ಎಲ್ಲಿಂದ? 1807ರಲ್ಲಿ ಜರ್ಮನಿಯ ಇಲ್ಲಿಗ್ ಒಂದು ಉಪಾಯ ಪ್ರಕಟಿಸಿದರು. ಮಸಿ ಹರಡದಿರಲಿ ಅಂತ ಮರದ ರಾಳವನ್ನು ಪಟಿಕದ ಜೊತೆ ಕಾಗದಕ್ಕೆ ಸೇರಿಸುವ ಉಪಾಯ. ಕ್ಷೌರದಂಗಡಿಯಲ್ಲಿ ಗಾಯಕ್ಕೆ ತಿಕ್ಕುತ್ತಾರಲ್ಲ, ಆ ಪಟಿಕದ ಹತ್ತಿರದ ಸಂಬಂಧಿಯನ್ನೇ ಆಮೇಲಿನ ಕಾರ್ಖಾನೆಗಳು ಬಳಸಿದವು. ಅದು ಕಾಗದದ ತೇವದಲ್ಲಿ ಆಮ್ಲವಾಗುತ್ತದೆ. ಸುಮಾರು ನೂರೈವತ್ತು ವರ್ಷ ಯಾರೂ ಇದನ್ನು ಅಷ್ಟಾಗಿ ಗಮನಿಸಲಿಲ್ಲ. 1950ರ ದಶಕದಲ್ಲಿ ಅಮೆರಿಕದ ವಿಲಿಯಂ ಬ್ಯಾರೋ ಹಳೇ ಪುಸ್ತಕಗಳ ಕಾಗದವನ್ನು ಸಾಲಾಗಿ ಪರೀಕ್ಷಿಸಿ, ಆಮ್ಲವೇ ಮುಖ್ಯ ಕಾರಣ ಎಂದು ತೋರಿಸಿದರು. ಇನ್ನೂ ಒಂದು ಕೆಟ್ಟ ಸುದ್ದಿ ಇದೆ. ಕಾಗದ ಕೆಡುವಾಗ ಅದೇ ಅಸೆಟಿಕ್, ಫಾರ್ಮಿಕ್ ಆಮ್ಲಗಳನ್ನು ಹುಟ್ಟಿಸುತ್ತದೆ. ಅವು ಇನ್ನಷ್ಟು ಕೊಂಡಿ ಕಳಚುತ್ತವೆ. ಅದಕ್ಕೇ ಇಪ್ಪತ್ತು ವರ್ಷ ಚೆನ್ನಾಗಿದ್ದ ಪತ್ರಿಕೆ ಆಮೇಲೆ ಬೇಗ ಬೇಗ ಕೆಡುತ್ತದೆ. ಪುಸ್ತಕದೊಳಗೆ ಯಾರೋ ಮಡಚಿಟ್ಟ ಪೇಪರ್ ಕಟಿಂಗ್ ಇದ್ದರೆ ತೆಗೆದು ನೋಡಿ. ಎರಡೂ ಕಡೆಯ ಒಳ್ಳೇ ಪುಟಗಳ ಮೇಲೆ ಅದೇ ಅಳತೆಯ ಕಂದು ಚೌಕ ಬಿದ್ದಿರುತ್ತದೆ. ಆಮ್ಲ ಪಕ್ಕದ ಮನೆಗೂ ಹೋಗುತ್ತದೆ. ಹಳೇ ಪುಸ್ತಕದ ಪರಿಮಳ ಅಂತ ನಾವು ಮೂಸಿ ಖುಷಿಪಡುವುದರಲ್ಲೂ ಈ ಆಮ್ಲಗಳ ಪಾಲಿದೆ.

ಭದ್ರಾವತಿಯ ಎಂಪಿಎಂ ಹೆಸರು ಹೇಳದೆ ನಮ್ಮ ಜಿಲ್ಲೆಯಲ್ಲಿ ಕಾಗದದ ಮಾತು ಪೂರ್ತಿಯಾಗುವುದಿಲ್ಲ. 1936ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಶುರುವಾದ ಮೈಸೂರು ಪೇಪರ್ ಮಿಲ್ಸ್ ನಮ್ಮ ಕಾಡಿನ ಬಿದಿರನ್ನು ಬೇಯಿಸಿ ಬರೆಯುವ ಕಾಗದ ಮಾಡಿತು. 1980ರ ದಶಕದಿಂದ ನ್ಯೂಸ್‌ಪ್ರಿಂಟನ್ನೂ ಮಾಡಿತು. ಅದಕ್ಕಾಗಿ ಗುಡ್ಡಗಳಲ್ಲಿ ಬೆಳೆಸಿದ ನೀಲಗಿರಿ, ಅಕೇಶಿಯಾ ನೆಡುತೋಪುಗಳ ಜಗಳ ಇಲ್ಲಿ ಎಲ್ಲರಿಗೂ ಗೊತ್ತು. ನಮ್ಮ ಬೆಟ್ಟದ ಮರವೇ ಪತ್ರಿಕೆಯಾಗಿ ನಮ್ಮ ಅಟ್ಟಕ್ಕೆ ವಾಪಸ್ ಬಂದಿರಬಹುದು ಎನ್ನುವುದು ನನಗೆ ಸಣ್ಣ ಮಾತಲ್ಲ.

ಇನ್ನು ಮಲೆನಾಡಿನ ಪಾಲಿಗೆ ಬರೋಣ. ಕೊಂಡಿ ಕಳಚಲು ನೀರು ಬೇಕು ಅಂದೆನಲ್ಲ? ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರಿಗೂ ಜಾಸ್ತಿ ಮಳೆ. ಗಾಳಿಯಲ್ಲಿ ತೇವ ಜಾಸ್ತಿಯಾದಷ್ಟೂ ಕಾಗದ ಅದನ್ನು ಹೀರುತ್ತದೆ, ಆಮ್ಲಕ್ಕೆ ಕೆಲಸ ಸುಲಭವಾಗುತ್ತದೆ. ಸಂರಕ್ಷಣೆ ಮಾಡುವವರು ಹೇಳುವ ಸ್ಥೂಲ ಲೆಕ್ಕ ಹೀಗಿದೆ: ಉಷ್ಣಾಂಶ 5 ಡಿಗ್ರಿ ಇಳಿದರೆ ಕಾಗದದ ಆಯಸ್ಸು ದುಪ್ಪಟ್ಟು, ತೇವಾಂಶ ಅರ್ಧಕ್ಕಿಳಿದರೂ ಸುಮಾರು ದುಪ್ಪಟ್ಟು. 1977ರಲ್ಲಿ ಅಮೆರಿಕದ ಡೆನ್ವರ್ ಕಡೆ ಒಂದು ಮನೆಯಲ್ಲಿ ಹಳೇ ಕಾಮಿಕ್ಸ್ ಸಾವಿರಾರು ಸಿಕ್ಕವು. ಮೈಲ್ ಹೈ ಸಂಗ್ರಹ ಅಂತ ಅದಕ್ಕೆ ಹೆಸರು. ಕಾಗದ ಅದೇ ಅಗ್ಗದ ನ್ಯೂಸ್‌ಪ್ರಿಂಟು. ಆದರೆ ಪುಟಗಳು ಬೆಳ್ಳಗೆ ಹೊಸದರಂತೆ ಇದ್ದವು. ಒಣ ಹವೆ, ಕತ್ತಲೆ, ಒಂದರ ಮೇಲೊಂದು ಒತ್ತಾಗಿ ಪೇರಿಸಿದ್ದರಿಂದ ನಡುವೆ ಗಾಳಿ ಆಡದಿರುವುದು, ಅಷ್ಟೇ ಗುಟ್ಟು.

ನಮ್ಮ ಹಿರಿಯರಿಗೆ ಈ ಹವೆಯ ಅರಿವು ಚೆನ್ನಾಗಿತ್ತು. ಬಟ್ಟೆಗೆ ಹುಣಸೆಬೀಜದ ಅಂಟು, ಇದ್ದಿಲ ಪುಡಿ ಬಳಿದು, ಬಳಪದಲ್ಲಿ ಬರೆದು ಮಡಚಿಡುವ ಕಡತ ಮಾಡಿದರು. ಶೃಂಗೇರಿ ಮಠದಲ್ಲಿ ಅಂಥ ಕಡತಗಳು ಉಳಿದು ಬಂದಿವೆ. ಸಾಗರದ ಹತ್ತಿರ ಕೆಳದಿಯ ವಸ್ತುಸಂಗ್ರಹಾಲಯಕ್ಕೆ ಹೋದರೆ ತಾಳೆಗರಿ ಗ್ರಂಥಗಳನ್ನು ನೋಡಬಹುದು. ಅದೇ ಮಳೆನಾಡು, ಆದರೆ ಅವುಗಳಲ್ಲಿ ಪಟಿಕ ಇಲ್ಲ.

ಇಷ್ಟಾದರೂ ಜನ ಮಾಡುವುದನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ. ಹರಿದ ಹಳೇ ಕಾಗದ ಮನೆಯಲ್ಲಿದ್ದರೆ ದರಿದ್ರ ಅಂತ ದೀಪಾವಳಿಗೆ ಮುಂಚೆ ಕಟ್ಟುಕಟ್ಟು ಪತ್ರಿಕೆ ಬಚ್ಚಲ ಒಲೆಗೆ ಹೋಗುತ್ತದೆ. ಕಾಗದಕ್ಕೆ ದರಿದ್ರ ಇಲ್ಲ, ಆಮ್ಲ ಇದೆ. ಕೆಲವರು ಬೇವಿನ ಎಲೆ, ನವಿಲುಗರಿ, ನುಸಿಗುಳಿಗೆ ಇಟ್ಟು ನಿಶ್ಚಿಂತೆಯಾಗಿರುತ್ತಾರೆ. ನುಸಿಗುಳಿಗೆ ಹುಳುಗಳನ್ನು ಒಂದಿಷ್ಟು ದೂರ ಇಡಬಹುದು, ಆಮ್ಲದ ಮೇಲೆ ಅದರ ಆಟ ನಡೆಯುವುದಿಲ್ಲ. ಮಳೆ ನಿಂತ ಕೂಡಲೇ ಪುಸ್ತಕಗಳನ್ನೆಲ್ಲ ಅಂಗಳದಲ್ಲಿ ಅಡಿಕೆಯ ಪಕ್ಕ ಬಿಸಿಲಿಗೆ ಹಾಕುವುದಂತೂ ಮನೆಮನೆಯ ಪದ್ಧತಿ. ಬೂಷ್ಟು ಒಣಗುತ್ತದೆ ನಿಜ, ಆದರೆ ಲಿಗ್ನಿನ್ನಿಗೆ ಅದು ನೇರ ಪೆಟ್ಟು. ನೆರಳಲ್ಲಿ, ಗಾಳಿಯಲ್ಲಿ ಆರಿಸಿ. ಅಡಿಗೆಮನೆ ಅಟ್ಟದ ಹೊಗೆ ಹುಳುವನ್ನು ದೂರ ಇಡುತ್ತದೆ, ಜೊತೆಗೆ ಸೌದೆ ಹೊಗೆಯ ಅಸೆಟಿಕ್ ಆಮ್ಲವನ್ನೂ ಕೊಡುತ್ತದೆ. ಹರಿದದ್ದಕ್ಕೆ ಸೆಲ್ಲೋಟೇಪ್ ಬೇಡವೇ ಬೇಡ. ಅದರ ಅಂಟು ಕಾಗದದೊಳಗೆ ಇಳಿದು ಕಂದು ಪಟ್ಟಿಯಾಗುತ್ತದೆ. ಲ್ಯಾಮಿನೇಶನ್ ಅಂದರೆ ಆಮ್ಲವನ್ನು ಒಳಗೇ ಹಾಕಿ ಬೀಗ ಜಡಿದ ಹಾಗೆ.

ಆಮ್ಲಕ್ಕೆ ಮದ್ದು ಕ್ಷಾರ. ಬ್ಯಾರೋ ಅವರು ಹಾಳೆಗಳನ್ನು ಮೊದಲು ಸುಣ್ಣದ ತಿಳಿನೀರಿನಲ್ಲಿ, ಆಮೇಲೆ ಕ್ಯಾಲ್ಸಿಯಂ ಬೈಕಾರ್ಬೊನೇಟಿನಲ್ಲಿ ಅದ್ದುತ್ತಿದ್ದರು. ಎಲೆಅಡಿಕೆಗೆ ಹಚ್ಚುವ ಅದೇ ಸುಣ್ಣ! ಆದರೆ ಇದನ್ನು ಮನೆಯಲ್ಲಿ ಮಾಡಲು ಹೋಗಬೇಡಿ. ಲಿಗ್ನಿನ್ ತುಂಬಿದ ಕಾಗದ ಜೋರು ಕ್ಷಾರದಲ್ಲಿ ಇನ್ನಷ್ಟು ಹಳದಿಯಾಗುತ್ತದೆ, ಬಣ್ಣದ ಮುಖಪುಟ ಕದಡಿಹೋಗುತ್ತದೆ. ದೊಡ್ಡವರಿಗೂ ಇದು ಸುಲಭವಾಗಿರಲಿಲ್ಲ. ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ 1980ರ ದಶಕದಲ್ಲಿ ಡೈಎಥೈಲ್ ಜಿಂಕ್ ಅನಿಲದಿಂದ ಸಾವಿರಾರು ಪುಸ್ತಕಗಳ ಆಮ್ಲ ಒಟ್ಟಿಗೇ ತೆಗೆಯಲು ಹೊರಟಿತು. ಗಾಳಿ ತಾಗಿದರೆ ಹೊತ್ತಿಕೊಳ್ಳುವ ವಸ್ತು ಅದು. ನಾಸಾದ ಪ್ರಯೋಗ ಕೋಣೆಯಲ್ಲೇ ಬೆಂಕಿ ಬಿತ್ತು.

ಮನೆಯಲ್ಲಿ ಆಗುವ ಕೆಲಸಗಳು ಸಾಧಾರಣವಾದವು. ಪತ್ರಿಕೆಯ ಬೆನ್ನಿನ ಸ್ಟೇಪಲ್ ಪಿನ್ನು ಮಲೆನಾಡಿನಲ್ಲಿ ತುಕ್ಕು ಹಿಡಿಯದೆ ಇರುವುದಿಲ್ಲ. ಆ ಕಬ್ಬಿಣ ಸುತ್ತಲಿನ ನಾರನ್ನು ಇನ್ನೂ ಬೇಗ ಕೆಡಿಸುತ್ತದೆ. ನಡುವಿನ ಹಾಳೆ ಬಿಡಿಸಿ, ಪಿನ್ನಿನ ಕಾಲುಗಳನ್ನು ಬೆರಳಿಂದಲ್ಲ, ತೆಳು ಚಪ್ಪಟೆ ತಗಡಿನಿಂದ ಮೆಲ್ಲಗೆ ಎತ್ತಿ ನೇರ ಮಾಡಿ, ಹೊರಗಿಂದ ಎಳೆಯಿರಿ. ತೂತನ್ನು ದೊಡ್ಡದು ಮಾಡಬೇಡಿ, ಅಲ್ಲೇ ಹತ್ತಿ ದಾರ ಪೋಣಿಸಬಹುದು. ಪಿವಿಸಿ ಕವರು ಬೇಡ, ಪಾಲಿಯೆಸ್ಟರ್ ಆಗುತ್ತದೆ. ಮುಚ್ಚಳದ ಡಬ್ಬದಲ್ಲಿ ಸಿಲಿಕಾ ಜೆಲ್ ಇಟ್ಟು, ನೆನೆದಾಗ ಬಿಸಿ ಮಾಡಿ ಮತ್ತೆ ಬಳಸಿ. ಡಬ್ಬದೊಳಗಿನ ತೇವಾಂಶ ಶೇಕಡಾ 60ರ ಕೆಳಗಿದ್ದರೆ ಬೂಷ್ಟಿನ ಭಯ ಇಲ್ಲ. ಮನೆಯ ಅತಿ ತಂಪಾದ ಒಳಕೋಣೆಯೇ ಒಳ್ಳೇ ಜಾಗ, ಹೆಂಚಿನ ಕೆಳಗಿನ ಅಟ್ಟ ಅಲ್ಲ.

ಸ್ಕ್ಯಾನ್ ಮಾಡುವುದಾದರೆ ಅಗ್ಗದ ಕಾಗದದ್ದೇ ಮೊದಲು. ರಟ್ಟು ಬೈಂಡಿನ ದೊಡ್ಡ ಗ್ರಂಥಗಳು ಕಾಯಬಲ್ಲವು. ಕತೆ ಮಾತ್ರ ಅಲ್ಲ, ಟೂರಿಂಗ್ ಟಾಕೀಸಿನ ಜಾಹೀರಾತು, ಓದುಗರ ಪತ್ರ, ಬೆಲೆ, ಮುದ್ರಣಾಲಯದ ವಿಳಾಸ ಎಲ್ಲ ಬರಬೇಕು. ಆ ವಿವರಗಳು ಬೇರೆಲ್ಲೂ ಅಚ್ಚಾಗಿರುವುದಿಲ್ಲ. ಯಾವಾಗ ಮಾಡಬೇಕು ಎನ್ನುವುದೂ ಮುಖ್ಯ. ಕಡುಬೇಸಿಗೆಯಲ್ಲಿ ಒಣಗಿದ ಪುಟ ತಿರುವಿದರೆ ಮುರಿಯುವುದು ಜಾಸ್ತಿ. ಜುಲೈನಲ್ಲಿ ಪುಟಗಳು ಒಂದಕ್ಕೊಂದು ಅಂಟುತ್ತವೆ. ನವೆಂಬರಿನಿಂದ ಜನವರಿ ಒಳಗೆ ಕಾಗದದಲ್ಲಿ ಬಾಗುವಷ್ಟೇ ತೇವ ಉಳಿದಿರುತ್ತದೆ. ಆಗ ಪತ್ರಿಕೆಯನ್ನು ಪೂರ್ತಿ ಅಗಲಿಸದೆ, ಎರಡೂ ಕಡೆ ದಿಂಬಿನ ಆಸರೆ ಕೊಟ್ಟು ಅರ್ಧ ಮಾತ್ರ ತೆರೆದು, ಮೇಲಿಂದ ಒಂದೊಂದೇ ಪುಟದ ಫೋಟೋ ತೆಗೆಯುತ್ತಾ ಹೋಗಿ.