ಕೈ ಮರೆತ ಲಿವರ್

ಕಿಂಗ್ ಏರ್ ಬಿ200 ವಿಮಾನದಲ್ಲಿ ಇಬ್ಬರು ಪೈಲಟ್‌ಗಳ ನಡುವೆ ಆರು ಲಿವರ್‌ಗಳಿವೆ. ಎಡಕ್ಕೆ ಪವರ್‌ನವು ಎರಡು, ನಡುವೆ ಪ್ರೊಪೆಲ್ಲರ್‌ನವು ಎರಡು, ಬಲಕ್ಕೆ ಇಂಧನ ಬಿಡುವ, ನಿಲ್ಲಿಸುವ ಕಂಡೀಷನ್ ಲಿವರ್‌ಗಳು ಎರಡು. ನಾನು ಟರ್ಬೈನ್ ಕಲಿತದ್ದು ಅವುಗಳ ಮೇಲೆ. ಆಗ ಹಾರುವುದಕ್ಕಿಂತ ಎಂಜಿನ್ ಸ್ಟಾರ್ಟ್ ಮಾಡುವುದಕ್ಕೇ ಹೆಚ್ಚು ಹೆದರುತ್ತಿದ್ದೆ.

ಅದರ ಪಿಟಿ6 ಎಂಜಿನ್ ಹೊತ್ತಿಸುವುದೂ ಸೌದೆ ಒಲೆ ಹೊತ್ತಿಸುವುದೂ ಒಂದೇ ತರಹ. ಮೊದಲು ಗಾಳಿ ಆಡಬೇಕು, ಆಮೇಲೆ ಉರಿ. ಸ್ಟಾರ್ಟರ್ ಹಾಕಿ, ಗಾಳಿ ಎಳೆದು ಒತ್ತುವ ಕಂಪ್ರೆಸರ್‌ನ ವೇಗ ಶೇ 12 ದಾಟಿದ ಮೇಲೆ ಕಂಡೀಷನ್ ಲಿವರ್ ಮುಂದಕ್ಕೆ ದೂಡಿ ಇಂಧನ ಬಿಡಬೇಕು. ಹತ್ತು ಸೆಕೆಂಡಿನಲ್ಲಿ ಹೊತ್ತದಿದ್ದರೆ ಹಿಂದಕ್ಕೆಳೆಯಬೇಕು. ಹೊತ್ತಿತೋ, ಟರ್ಬೈನ್ ಬಿಸಿ ತೋರಿಸುವ ಮುಳ್ಳು ಜಿಗಿಯುತ್ತದೆ. ಸ್ಟಾರ್ಟ್ ಹೊತ್ತಿನಲ್ಲಿ 1000 ಡಿಗ್ರಿ ಸೆಲ್ಸಿಯಸ್ ಅನ್ನು ಅದು ಐದು ಸೆಕೆಂಡು ತಡೆಯುತ್ತದೆ, ಅಷ್ಟೇ. ಬ್ಯಾಟರಿ ಸೋತಿದ್ದರೆ ಕಂಪ್ರೆಸರ್ ಏದುಸಿರು ಬಿಡುತ್ತಾ ತಿರುಗುತ್ತದೆ, ಗಾಳಿ ಸಾಲದು, ಇಂಧನ ಮಾತ್ರ ಸುರಿಯುತ್ತಲೇ ಇರುತ್ತದೆ. ಇದೇ ಹಾಟ್ ಸ್ಟಾರ್ಟ್. ಕೆಲವೇ ಸೆಕೆಂಡುಗಳಲ್ಲಿ ಟರ್ಬೈನ್ ಬ್ಲೇಡ್‌ಗಳು ಹಾಳಾಗಬಹುದು.

ಒಂದು ಚಳಿಗಾಲದ ಬೆಳಗ್ಗೆ ನನಗೂ ಇದು ಬಂತು. ಮುಳ್ಳು 900 ದಾಟಿದ್ದು ಕಂಡೆ. ಲಿವರ್ ಎಳೆಯಬೇಕೆಂಬುದೂ ಗೊತ್ತಿತ್ತು. ಆದರೂ ಕೈ ಕದಲಲಿಲ್ಲ. ಪಕ್ಕದಲ್ಲಿದ್ದ ಕ್ಯಾಪ್ಟನ್ ಎಳೆದರು, ಬೈಯಲೂ ಇಲ್ಲ. ಕಣ್ಣಿಗೆ ಗೊತ್ತಾದದ್ದು ಕೈಗೆ ತಲುಪಲು ಎಷ್ಟು ಹೊತ್ತು ಬೇಕು ಎಂದು ಅಂದು ತಿಳಿಯಿತು.

ಇಷ್ಟೊಂದು ಲಿವರ್ ಯಾಕೆ ಎಂದು ತರಬೇತಿಗೆ ಬಂದವರು ಕೇಳುತ್ತಾರೆ. ಹಳೆಯ ಪಿಟಿ6ನ ಇಂಧನ ನಿಯಂತ್ರಕ ಸ್ಪ್ರಿಂಗು, ತಿದಿ, ತಿರುಗುವ ತೂಕದ ಗುಂಡುಗಳಿಂದ ಆದದ್ದು. ವಿದ್ಯುತ್ತೇ ಇಲ್ಲದಿದ್ದರೂ ಅದು ನಡೆಯುತ್ತದೆ, ಅದರ ದೊಡ್ಡ ಗುಣವೂ ಅದೇ. ಆದರೆ ಎಲ್ಲವನ್ನೂ ಅದು ನೋಡಿಕೊಳ್ಳಲಾರದು. ಕೆಳಗೆ ಹಾರುವಾಗ ಟಾರ್ಕ್ (ಪ್ರೊಪೆಲ್ಲರ್ ತಿರುಗಿಸುವ ಬಲ) ಮಿತಿ ಮೀರದಂತೆ, ಮೇಲೆ ಹೋದಂತೆ ಬಿಸಿ ಮಿತಿ ಮೀರದಂತೆ ಕಾಯುವವನು ಪೈಲಟ್. ಪ್ರೊಪೆಲ್ಲರ್ ಎಷ್ಟು ಸುತ್ತು ತಿರುಗಬೇಕೆಂದು ಹೇಳುವವನೂ ಅವನೇ. ಪೆಟ್ಟಿಗೆಯಲ್ಲಿ ಇಲ್ಲದ ಒಂದು ಬಿಡಿಭಾಗವನ್ನು ಸೀಟಿನಲ್ಲಿ ಕೂರಿಸಿದ್ದಾರೆ ಎನ್ನಿ.

ಜೆಟ್‌ಗಳಲ್ಲಿ ಈ ಹೊರೆ ಬೇಗ ಇಳಿಯಿತು. ಕಾಂಕಾರ್ಡ್‌ನ ಎಂಜಿನ್‌ಗೇ ಎಲೆಕ್ಟ್ರಾನಿಕ್ ನಿಯಂತ್ರಣವಿತ್ತು. 1984ರಲ್ಲಿ ಬೋಯಿಂಗ್ 757ರ ಪಿಡಬ್ಲ್ಯು2037 ಎಂಜಿನ್ ಪೂರ್ತಿ ಡಿಜಿಟಲ್ ನಿಯಂತ್ರಣದೊಂದಿಗೆ ಪ್ರಯಾಣಿಕರನ್ನು ಹೊತ್ತಿತು. ಇದನ್ನೇ ನಾವು ಫೇಡೆಕ್ ಎನ್ನುವುದು. ಇಲ್ಲಿ ಲಿವರ್‌ಗೂ ಎಂಜಿನ್‌ಗೂ ನಡುವೆ ಎಳೆಯುವ ತಂತಿ, ಸರಳು ಯಾವುದೂ ಇಲ್ಲ. ಲಿವರ್ ಎಷ್ಟು ಕೋನದಲ್ಲಿದೆ ಎಂಬುದನ್ನು ಕಂಪ್ಯೂಟರ್ ಓದುತ್ತದೆ, ಹವೆ, ಎತ್ತರ, ಬಿಸಿ ಲೆಕ್ಕ ಹಾಕಿ ಇಂಧನ ಕೊಡುತ್ತದೆ. ಲಿವರ್ ಎಷ್ಟೇ ರಭಸದಿಂದ ನೂಕಿದರೂ ಕಂಪ್ರೆಸರ್ ತಡೆದುಕೊಳ್ಳುವಷ್ಟೇ ಇಂಧನ ಹೋಗುತ್ತದೆ. ಕಂಪ್ಯೂಟರ್‌ನಲ್ಲಿ ಎರಡು ಚಾನೆಲ್. ಒಂದು ಕೆಟ್ಟರೆ ಇನ್ನೊಂದು.

ಟರ್ಬೈನ್‌ನಿಂದ ಪ್ರೊಪೆಲ್ಲರ್ ತಿರುಗಿಸುವ ಟರ್ಬೊಪ್ರಾಪ್‌ಗಳು ಹಿಂದುಳಿದವು. ಇಲ್ಲಿ ನನ್ನ ತಕರಾರಿರುವುದು ಹಳೆಯ ಆರು ಲಿವರ್‌ಗಳ ಮೇಲಲ್ಲ, ಅರ್ಧಕ್ಕೆ ನಿಂತ ಸರಳೀಕರಣದ ಮೇಲೆ.

ಮೈಸೂರು, ಹುಬ್ಬಳ್ಳಿಯವರು ಬಲ್ಲ ಎಟಿಆರ್ 72 ನೋಡಿ. ಅದರ 500 ಮಾದರಿಯಲ್ಲಿ ಪವರ್ ಲಿವರ್ ಒಂದು ಕಚ್ಚಿನಲ್ಲಿ ಕೂರುತ್ತದೆ, ಟೇಕಾಫ್, ಏರಿಕೆ, ಕ್ರೂಸ್ ಎಂದು ಒಂದು ತಿರುಗುಗುಬ್ಬಿ ತಿರುಗಿಸಿದರೆ ಶಕ್ತಿ ತಾನೇ ಹೊಂದಿಕೊಳ್ಳುತ್ತದೆ. ಪ್ರೊಪೆಲ್ಲರ್ ಲಿವರ್ ಪ್ರತ್ಯೇಕವಾಗಿಲ್ಲ. ಅದರ ಕೆಲಸ ಕಂಡೀಷನ್ ಲಿವರ್‌ಗೆ ಸೇರಿದೆ, ಅದು ಹಾರಾಟದುದ್ದಕ್ಕೂ 'ಆಟೋ'ದಲ್ಲಿರುತ್ತದೆ. ಒಳ್ಳೆಯದೇ. ಆದರೆ ಅದೇ ಲಿವರ್ ಹಿಂದಕ್ಕೆ ಬಂದರೆ ಪ್ರೊಪೆಲ್ಲರ್ ಫೆದರ್ ಆಗುತ್ತದೆ: ಬ್ಲೇಡ್‌ಗಳು ಗಾಳಿಗೆ ಅಂಚು ಕೊಟ್ಟು ನಿಲ್ಲುತ್ತವೆ, ಎಂಜಿನ್ ಉರಿಯುತ್ತಿದ್ದರೂ ಎಳೆತ ಇರುವುದಿಲ್ಲ. ಈ ಲಿವರ್‌ಗಳ ಬಲಪಕ್ಕದಲ್ಲೇ ಫ್ಲಾಪ್ ಲಿವರ್, ಅಂದರೆ ನಿಧಾನಕ್ಕೆ ಹಾರುವಾಗ ರೆಕ್ಕೆಯ ಹಿಂಬದಿಯ ಹಲಗೆ ಇಳಿಸುವ ಹಿಡಿ.

2023ರ ಜನವರಿ 15ರಂದು ನೇಪಾಳದ ಪೋಖರಾದಲ್ಲಿ ಯೇತಿ ಏರ್‌ಲೈನ್ಸ್‌ನ ಎಟಿಆರ್ ಇಳಿಯಲು ಬರುತ್ತಿತ್ತು. ಆ ವಿಮಾನ ಹಿಂದೊಮ್ಮೆ ನಮ್ಮ ಕಿಂಗ್‌ಫಿಶರ್ ಬಣ್ಣದಲ್ಲಿ ಹಾರಿದ್ದು. ಹಾರಿಸುತ್ತಿದ್ದ ಪೈಲಟ್ ಫ್ಲಾಪ್ 30 ಕೇಳಿದರು. ಪಕ್ಕದಲ್ಲಿದ್ದ ತರಬೇತುದಾರರು ಆಯಿತೆಂದರು. ದಾಖಲೆಯಲ್ಲಿ ಆ ಕ್ಷಣ ಫ್ಲಾಪ್ ಕದಲಿಲ್ಲ. ಎರಡೂ ಎಂಜಿನ್‌ಗಳ ಟಾರ್ಕ್ ಸೊನ್ನೆಗಿಳಿಯಿತು. ಕಂಡೀಷನ್ ಲಿವರ್‌ಗಳೆರಡೂ ಅರಿಯದೆ ಫೆದರ್‌ಗೆ ಸರಿದದ್ದೇ ಅತಿ ಸಂಭವನೀಯ ಕಾರಣ ಎಂದು ತನಿಖೆ ಹೇಳಿತು. ಪವರ್ ಬರುತ್ತಿಲ್ಲ ಎಂದು ಒಬ್ಬರು ಹೇಳಿದರೂ ಇಬ್ಬರಿಗೂ ಕಾರಣ ಹೊಳೆಯಲಿಲ್ಲ. ವಿಮಾನದಲ್ಲಿದ್ದ 72 ಜನರೂ ಸತ್ತರು.

ಪೈಲಟ್ ತಪ್ಪು ಎಂದು ಕಡತ ಮುಚ್ಚುವುದು ಸುಲಭ. ಹಿಡಿ ಮುಟ್ಟಿದರೇ ಗೊತ್ತಾಗಲಿ ಎಂದು ಫ್ಲಾಪ್‌ಗೆ ರೆಕ್ಕೆಯಾಕಾರ, ಚಕ್ರಕ್ಕೆ ಚಕ್ರದಾಕಾರ ಕೊಡುವ ಪದ್ಧತಿ ಎರಡನೇ ಮಹಾಯುದ್ಧದ ಕಾಲದ್ದು. ಬಿ-17 ಬಾಂಬರುಗಳಲ್ಲಿ ಇಳಿದ ಮೇಲೆ ಪೈಲಟ್‌ಗಳು ಫ್ಲಾಪ್ ಎಂದುಕೊಂಡು ಚಕ್ರ ಮಡಚುತ್ತಿದ್ದುದನ್ನು ಮನಶ್ಶಾಸ್ತ್ರಜ್ಞ ಅಲ್ಫಾನ್ಸ್ ಚಪಾನಿಸ್ ಗಮನಿಸಿದ್ದರು. ಎಂಟು ದಶಕದ ಮೇಲೆ ಆಕಾರವೂ ಕಾಪಾಡಲಿಲ್ಲವಲ್ಲ? ನನ್ನ ಊಹೆ ಇದು: ಕಿಂಗ್ ಏರ್‌ನಲ್ಲಿ ಪ್ರೊಪೆಲ್ಲರ್ ಲಿವರನ್ನು ಪ್ರತಿ ಹಾರಾಟದಲ್ಲೂ ಮುಟ್ಟುತ್ತೇವೆ, ಕೈಗೆ ಅದರ ಗುರುತಿದೆ. ಎಟಿಆರ್‌ನ ಕಂಡೀಷನ್ ಲಿವರ್ ಗಾಳಿಯಲ್ಲಿ ಸುಮ್ಮನಿರುತ್ತದೆ. ಕೈ ಅದನ್ನು ಮರೆಯುತ್ತದೆ, ಅದರ ಅಧಿಕಾರವಂತೂ ಒಂದಿಷ್ಟೂ ಕಡಿಮೆಯಾಗಿಲ್ಲ. ನಿತ್ಯದ ಕೆಲಸವನ್ನು ಕಂಪ್ಯೂಟರ್‌ಗೆ ಕೊಟ್ಟ ಮೇಲೆ ಎರಡೂ ಎಂಜಿನ್‌ಗಳ ಎಳೆತ ಕಸಿಯುವ ಹಿಡಿಯನ್ನು ಫ್ಲಾಪ್‌ನ ಪಕ್ಕ ಬಿಡಬಾರದಿತ್ತು.

2019ರಲ್ಲಿ ಬಂದ ಪಿಲಾಟಸ್ ಪಿಸಿ-12 ಎನ್‌ಜಿಎಕ್ಸ್ ಈ ವಿಷಯದಲ್ಲಿ ಕೊನೆಯವರೆಗೂ ಹೋಗಿದೆ. ಅದೇ ಪಿಟಿ6 ವಂಶದ ಎಂಜಿನ್, ಈಗ ಎರಡು ಚಾನೆಲ್‌ಗಳ ಡಿಜಿಟಲ್ ನಿಯಂತ್ರಣ ಎಂಜಿನ್ನನ್ನೂ ಪ್ರೊಪೆಲ್ಲರನ್ನೂ ಒಟ್ಟಿಗೆ ನೋಡಿಕೊಳ್ಳುತ್ತದೆ. ಇರುವುದು ಒಂದೇ ಲಿವರ್. ಹಳೆಯ ಪಿಸಿ-12ರಲ್ಲಿ ಇಂಧನ ನಿಯಂತ್ರಕ ಕೈಕೊಟ್ಟರೆ ಬಳಸಲೆಂದು ಬೇರೊಂದು ಕೈಲಿವರ್ ಇತ್ತು, ಅದೂ ಹೋಯಿತು. ಒಂಟಿ ಎಂಜಿನ್ ವಿಮಾನದಲ್ಲಿ ಅದನ್ನೂ ಕಿತ್ತರಲ್ಲ ಎಂದು ನನ್ನ ವಾರಿಗೆಯವರು ಗೊಣಗಿದರು, ನಾನೂ ಗೊಣಗಿದೆ. ಆದರೆ ಇಂಥ ತುರ್ತಿನ ಲಿವರನ್ನು ಸಿಮ್ಯುಲೇಟರಿನಲ್ಲಿ ಬಿಟ್ಟರೆ ಎಲ್ಲೂ ಮುಟ್ಟದವನು ಗಾಬರಿಯಲ್ಲಿ ಅದನ್ನು ಸರಿಯಾಗಿ ಬಳಸುತ್ತಾನೆಂಬ ಭರವಸೆ ನನಗೆ ಹೆಚ್ಚಿಲ್ಲ.

ಈ ತರಹದ ವಿಮಾನಗಳಲ್ಲಿ ಸ್ಟಾರ್ಟ್ ಕ್ರಮವನ್ನು ಕಂಪ್ಯೂಟರೇ ನಡೆಸುತ್ತದೆ. ಹಾಗಿದ್ದರೂ ನನ್ನ ಬಳಿ ಕಲಿಯುವವರಿಗೆ ಸ್ವಿಚ್ ಮುಟ್ಟುವ ಮುಂಚೆ ಬ್ಯಾಟರಿಯ ವೋಲ್ಟೇಜ್ ಗಟ್ಟಿಯಾಗಿ ಓದಲು ಹೇಳುತ್ತೇನೆ. "ಕಂಪ್ಯೂಟರ್ ನೋಡ್ಕೊಳ್ಳುತ್ತಲ್ಲ ಸರ್?" ಎಂದರೆ, ನೋಡಿಕೊಂಡು ಸ್ಟಾರ್ಟ್ ನಿಲ್ಲಿಸುತ್ತದೆ, ಆಗ ಹೊರಗಿನಿಂದ ವಿದ್ಯುತ್ ಕೊಡುವ ಗ್ರೌಂಡ್ ಪವರ್ ಕಾರ್ಟ್ ಹುಡುಕಿಕೊಂಡು ಬಿಸಿಲಲ್ಲಿ ನಡೆಯುವವರು ನೀವೇ ಎನ್ನುತ್ತೇನೆ.