ಮಸ್ಟ್ಯಾಂಗ್‌ನ ಹೆಡರ್: ಹೊಗೆಗೂ ಸರದಿ ಬೇಕು

1965ರಲ್ಲಿ ಅಮೆರಿಕದ ರೇಸ್ ಕಾರು ತಯಾರಕ ಕ್ಯಾರೊಲ್ ಶೆಲ್ಬಿ ಫೋರ್ಡ್ ಮಸ್ಟ್ಯಾಂಗ್ ಕಾರನ್ನು ರೇಸಿಗೆ ಹುರಿಗೊಳಿಸಿ ಜಿಟಿ350 ಮಾಡಿದರು. ಎರಡು ಸಾಲಿನಲ್ಲಿ ಎಂಟು ಸಿಲಿಂಡರ್ ಇರುವ 4.7 ಲೀಟರಿನ ವಿ8 ಎಂಜಿನ್‌ಗೆ ಗಾಳಿಗೆ ಪೆಟ್ರೋಲ್ ಬೆರೆಸುವ ದೊಡ್ಡ ಕಾರ್ಬ್ಯುರೇಟರ್, ಆ ಮಿಶ್ರಣವನ್ನು ಸಿಲಿಂಡರ್‌ಗಳಿಗೆ ಹಂಚುವ ಬೇರೆ ಇನ್‌ಟೇಕ್ ಮ್ಯಾನಿಫೋಲ್ಡ್, ಜೊತೆಗೆ ಹೊಗೆ ಹೊರಹಾಕುವ ಕೊಳವೆಗಳ ಹೆಡರ್ ಬಂತು. 271 ಇದ್ದ ಅಶ್ವಶಕ್ತಿ 306 ಆಯಿತು. ಅಷ್ಟೂ ಹೆಡರ್‌ನಿಂದಲೇ ಬಂದದ್ದಲ್ಲ, ಆದರೆ ಅದರ ಪಾಲೂ ಇದೆ. ಹಳೇ ಮಸ್ಟ್ಯಾಂಗ್ ಇಟ್ಟುಕೊಂಡವರು ಈಗಲೂ ಹೆಡರ್ ಹಾಕಿಸುತ್ತಾರೆ.

ಅಂಥದ್ದೇನಿದೆ ಅದರಲ್ಲಿ? ಕಾರ್ಖಾನೆಯಿಂದ ಬರುವ ಕಾರಿನಲ್ಲಿ ಎಂಜಿನ್‌ನ ಒಂದೊಂದು ಮಗ್ಗುಲಿಗೆ ಹೊಗೆ ಹೋಗಲು ಒಂದೊಂದು ಎರಕದ ಮ್ಯಾನಿಫೋಲ್ಡ್ ಇರುತ್ತದೆ. ಆ ಮಗ್ಗುಲಿನ ನಾಲ್ಕು ಸಿಲಿಂಡರ್‌ಗಳ ಹೊಗೆಯೂ ಅದೇ ಗಿಡ್ಡ ಕೋಣೆಗೆ ಬೀಳುತ್ತದೆ. ಹೆಡರ್‌ನಲ್ಲಿ ಪ್ರತಿ ಸಿಲಿಂಡರ್‌ಗೂ ತನ್ನದೇ ಉಕ್ಕಿನ ಕೊಳವೆ. ಅವೆಲ್ಲ ಸೇರುವುದು ಆಮೇಲೆ, ದೂರದಲ್ಲಿ. ತೂತು ದೊಡ್ಡದಾಯಿತು, ಹೊಗೆ ಸಲೀಸಾಗಿ ಹೋಯಿತು ಅಂತ ತುಂಬ ಜನ ಅಂದುಕೊಳ್ಳುತ್ತಾರೆ. ನಿಜವಾದ ಆಟ ಇರುವುದು ಸಮಯದಲ್ಲಿ.

ಈ ಎಂಜಿನ್‌ನ ಸಿಲಿಂಡರ್‌ಗಳು ಉರಿಯುವ ಕ್ರಮ 1-5-4-2-6-3-7-8. 1ರಿಂದ 4ರವರೆಗಿನ ಸಿಲಿಂಡರ್ ಬಲಗಡೆ, 5ರಿಂದ 8ರವರೆಗಿನವು ಎಡಗಡೆ. ಕ್ರಮವನ್ನು ಇನ್ನೊಮ್ಮೆ ನೋಡಿ. ಬಲಗಡೆ 4 ಆದ ತಕ್ಷಣ 2, ಎಡಗಡೆ 7 ಆದ ತಕ್ಷಣ 8. ನಡುವೆ ಕ್ರ್ಯಾಂಕ್, ಅಂದರೆ ಪಿಸ್ಟನ್‌ಗಳು ತಿರುಗಿಸುವ ದಂಡ, ತಿರುಗುವುದು ಬರೀ 90 ಡಿಗ್ರಿ. 7ರ ಹೊಗೆ ಇನ್ನೂ ಹೊರಬರುತ್ತಿರುವಾಗಲೇ 8 ತನ್ನ ಹೊಗೆಯನ್ನು ಜೋರಾಗಿ ಉಗುಳುತ್ತದೆ. ಮದುವೆಮನೆಯಲ್ಲಿ ಉಂಡ ಪಂಕ್ತಿ ಹೊರಬರುವ ಮೊದಲೇ ಮುಂದಿನ ಪಂಕ್ತಿ ಬಾಗಿಲಿಗೆ ನುಗ್ಗಿದ ಹಾಗೆ. ವಿ8ನ ಆ ಏರುಪೇರಿನ ಗುಡುಗುಡು ಸದ್ದಿಗೂ ಈ ಅಸಮ ಸರದಿಯೇ ಕಾರಣ.

ಜಿಟಿ350ಗೆ ಹಾಕಿದ್ದು ಟ್ರೈ-ವೈ ಎಂಬ ಬಗೆ. ನಾಲ್ಕು ಕೊಳವೆ ಮೊದಲು ಎರಡಾಗಿ, ಆಮೇಲೆ ಒಂದಾಗುತ್ತವೆ. ಬೆನ್ನುಬೆನ್ನಿಗೆ ಉರಿಯುವ ಎರಡನ್ನು ಜೋಡಿ ಮಾಡದಿರುವುದೇ ಇದರ ಜಾಣತನ. ನನಗಂತೂ ಹೆಡರ್‌ಗಳಲ್ಲಿ ಇದೇ ಇಷ್ಟ.

ಇನ್ನೊಂದು ಲಾಭವೂ ಇದೆ. ಕವಾಟ ತೆರೆದಾಗ ಒತ್ತಡದ ಅಲೆಯೊಂದು ಕೊಳವೆಯಲ್ಲಿ ಓಡುತ್ತದೆ. ಕೊಳವೆ ಅಗಲವಾಗುವ ಜಾಗಕ್ಕೆ ಮುಟ್ಟಿದಾಗ ಅದರ ಒಂದು ಭಾಗ ಕಡಿಮೆ ಒತ್ತಡದ ಅಲೆಯಾಗಿ ವಾಪಸ್ ಬರುತ್ತದೆ. ಸರಿಯಾದ ಹೊತ್ತಿಗೆ ಬಂದರೆ ಸಿಲಿಂಡರ್‌ನಲ್ಲಿ ಉಳಿದ ಹೊಗೆಯನ್ನು ಅದು ಹೊರಗೆಳೆಯುತ್ತದೆ. ಬಿಸಿ ಹೊಗೆಯಲ್ಲಿ ಅಲೆಯ ವೇಗ ಸೆಕೆಂಡಿಗೆ ಸುಮಾರು 600 ಮೀಟರ್. 90 ಸೆಂಟಿಮೀಟರ್ ಕೊಳವೆಯಲ್ಲಿ ಹೋಗಿ ಬರಲು 3 ಮಿಲಿಸೆಕೆಂಡ್ ಸಾಕು. ನಿಮಿಷಕ್ಕೆ 6000 ಸುತ್ತು ತಿರುಗುವ ಎಂಜಿನ್‌ಗೆ ಒಂದು ಸುತ್ತಿಗೆ 10 ಮಿಲಿಸೆಕೆಂಡ್ ಬೇಕು, 3000 ಸುತ್ತಿಗೆ ಇಳಿದರೆ 20. ಅಲೆಯ ವೇಗ ಮಾತ್ರ ಅದಕ್ಕೆ ತಕ್ಕಂತೆ ಇಳಿಯುವುದಿಲ್ಲ. ಹಾಗಾಗಿ ಒಂದು ಉದ್ದ ಎಲ್ಲ ವೇಗಕ್ಕೂ ಒಗ್ಗುವುದಿಲ್ಲ. ಉದ್ದ ಜಾಸ್ತಿಯಾದಷ್ಟೂ ಲಾಭ ಕಡಿಮೆ ವೇಗದ ಕಡೆಗೆ ಸರಿಯುತ್ತದೆ.

ಲೆಕ್ಕವೇನೋ ಹೀಗೆ, ಆದರೆ ಕೊಳವೆಗೆ ಜಾಗ ಸಿಗಬೇಕಲ್ಲ. ಮಸ್ಟ್ಯಾಂಗ್‌ನ ಬಾನೆಟ್ ಎತ್ತಿದರೆ ಎಂಜಿನ್‌ನ ಎರಡೂ ಪಕ್ಕ ಸಸ್ಪೆನ್ಷನ್ ಸ್ಪ್ರಿಂಗ್‌ನ ಗೋಪುರಗಳು ಒತ್ತಿಕೊಂಡಿರುತ್ತವೆ. ಎಡಗಡೆ ಸ್ಟೀರಿಂಗ್, ಕ್ಲಚ್ ಸರಳುಗಳು. ಬಲಗಡೆ ಸ್ಟಾರ್ಟರ್ ಮೋಟರ್. ಇವನ್ನೆಲ್ಲ ತಪ್ಪಿಸಿ ಕೊಳವೆ ಬಗ್ಗಿಸಬೇಕು. ಎಷ್ಟೋ ಸಲ ಎಂಜಿನ್ ಕೂರಿಸಿದ ಮೌಂಟ್ ಸಡಿಲಿಸಿ ಎಂಜಿನ್ನನ್ನೇ ಜಾಕ್‌ನಿಂದ ಎತ್ತಿದರೆ ಮಾತ್ರ ಹೆಡರ್ ಒಳಗೆ ತೂರುತ್ತದೆ. ಹಳೇ ಬೋಲ್ಟ್ ತುಕ್ಕು ಹಿಡಿದು ಕೂತಿರುತ್ತದೆ. ಮೊದಲೇ ಎಣ್ಣೆ ಬಿಟ್ಟು ನೆನೆಸದೆ ಸುಮ್ನೆ ಬಲ ಹಾಕಿದರೆ ಎಂಜಿನ್‌ನ ಮೇಲ್ಭಾಗವಾದ ಹೆಡ್‌ನೊಳಗೇ ಮುರಿಯುತ್ತದೆ. ಆಮೇಲೆ ಡ್ರಿಲ್ ಹಿಡಿದು ಕೂರಬೇಕು.

ಕೂರಿಸಿದ ಮೇಲೂ ಕೆಲಸ ಮುಗಿಯಲ್ಲ. ಉಷ್ಣತೆ 400 ಡಿಗ್ರಿ ಏರಿದರೆ 90 ಸೆಂಟಿಮೀಟರ್ ಉಕ್ಕು 4 ಮಿಲಿಮೀಟರ್‌ಗಿಂತ ಜಾಸ್ತಿ ಹಿಗ್ಗುತ್ತದೆ, ಆರಿದಾಗ ಕುಗ್ಗುತ್ತದೆ. ಸಂದು ಮುಚ್ಚುವ ಗ್ಯಾಸ್ಕೆಟ್ ಕೂಡ ಅದುಮಿ ತೆಳುವಾಗುತ್ತದೆ. ಬೋಲ್ಟ್ ಸಡಿಲವಾಗುವುದು ಹೀಗೆ. ಒಂದೆರಡು ಸಲ ಓಡಿಸಿ, ಪೂರ್ತಿ ತಣಿಸಿ, ಮತ್ತೆ ಬಿಗಿಯಬೇಕು. ಕಾರ್ಬ್ಯುರೇಟರನ್ನೂ ನೋಡಬೇಕು. ಎಂಜಿನ್ ಈಗ ಹೆಚ್ಚು ಗಾಳಿ ಎಳೆಯುವುದರಿಂದ ಹಳೇ ಜೆಟ್‌ನ, ಅಂದರೆ ಪೆಟ್ರೋಲ್ ಬಿಡುವ ಸಣ್ಣ ತೂತಿನ, ಪೆಟ್ರೋಲ್ ಸಾಲದೇ ಹೋಗಬಹುದು. ಸ್ಪಾರ್ಕ್ ಪ್ಲಗ್ ಬಿಚ್ಚಿ ನೋಡಿ. ತುದಿ ಬೆಳ್ಳಗೆ ಸುಟ್ಟಂತಿದ್ದರೆ ಒಂದು ಅಳತೆ ದೊಡ್ಡ ಜೆಟ್ ಹಾಕಿ ಮತ್ತೆ ಓಡಿಸಿ ನೋಡಬೇಕು.