ಪುಸ್ತಕದ ಅಂಚಿನ ಪೆನ್ಸಿಲ್ ಅಕ್ಷರ

ತುಮಕೂರು ಕಡೆಯ ಒಂದು ಸರ್ಕಾರಿ ಶಾಲೆಗೆ ಪಾಠ ನೋಡಲು ಹೋಗಿದ್ದೆ. ನಾಲ್ಕನೇ ತರಗತಿ, ಇಂಗ್ಲಿಷ್ ಪೀರಿಯಡ್. ನಾನು ಒಳಗೆ ಕಾಲಿಟ್ಟ ಕೂಡಲೇ ಟೀಚರ್ ಮೇಜಿನ ಮೇಲಿದ್ದ ಪುಸ್ತಕವನ್ನು ಪಟ್ಟನೆ ಮುಚ್ಚಿದರು. ಪಾಠ ಮುಗಿದ ಮೇಲೆ ಯಾಕೆ ಅಂತ ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ಆಮೇಲೆ ಪುಸ್ತಕ ಬಿಚ್ಚಿ ತೋರಿಸಿದರು. ಅಂಚಿನ ತುಂಬಾ ಪೆನ್ಸಿಲ್‌ನಲ್ಲಿ ಬರೆದ ಸಣ್ಣ ಸಣ್ಣ ಕನ್ನಡ ಅಕ್ಷರ. ‘ವೆನ್ಸ್‌ಡೇ’, ‘ಐಲೆಂಡ್’, ‘ನೈಫ್’.

“ಯಾರಾದ್ರೂ ನೋಡಿದ್ರೆ, ಇವ್ರೆಂಥ ಇಂಗ್ಲಿಷ್ ಮೇಡಂ ಅನ್ನಲ್ವಾ?” ಅಂದರು.

ಅವರು ಹದಿನೆಂಟು ವರ್ಷ ನಲಿಕಲಿ, ಅಂದರೆ ಚಿಕ್ಕ ತರಗತಿಯ ಮಕ್ಕಳು ಗುಂಪು ಗುಂಪಾಗಿ ಕೂತು ಆಡುತ್ತಾ ಕಲಿಯುವ ಪದ್ಧತಿಯಲ್ಲಿ ಪಾಠ ಮಾಡಿದವರು. ಇಂಗ್ಲಿಷ್ ನೋಡಿಕೊಳ್ಳುತ್ತಿದ್ದ ಮೇಷ್ಟ್ರಿಗೆ ವರ್ಗವಾಯಿತು, ಆ ಪೀರಿಯಡ್‌ಗಳು ಇವರ ಪಾಲಿಗೆ ಬಂದವು. ಇಂಥವರು ನಮ್ಮಲ್ಲಿ ಜಾಸ್ತಿ. ಕನ್ನಡ ಮಾಧ್ಯಮದ ಸರ್ಕಾರಿ ಶಾಲೆಗಳಲ್ಲಿ ಮೊದಲು ಐದನೇ ತರಗತಿಯಿಂದ ಇಂಗ್ಲಿಷ್ ಇತ್ತು. 2007–08ರಲ್ಲಿ ಅದು ಒಂದನೇ ತರಗತಿಗೇ ಬಂತು. 2019ರಲ್ಲಿ 1000 ಸರ್ಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮದ ವಿಭಾಗ ಶುರುವಾಯಿತು. ಎರಡು ಸಲವೂ ಕೆಲಸದ ಭಾರ ಹೊತ್ತವರಲ್ಲಿ ಆಗಲೇ ಬೇರೆ ಪಾಠ ಮಾಡುತ್ತಿದ್ದ ಟೀಚರ್‌ಗಳೇ ಬಹಳ. ಅವರು ಇಂಗ್ಲಿಷ್ ಕಲಿಸುತ್ತೇನೆ ಅಂದುಕೊಂಡು ಕೆಲಸಕ್ಕೆ ಸೇರಿದವರಲ್ಲ.

ತರಬೇತಿ ಇಲ್ಲ ಅಂತಲ್ಲ. ಬೆಂಗಳೂರಿನ ಜ್ಞಾನಭಾರತಿಯಲ್ಲಿರುವ ಆರ್‌ಐಇಎಸ್‌ಐ (ದಕ್ಷಿಣ ಭಾರತದ ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆ) 1963ರಿಂದ ದಕ್ಷಿಣದ ರಾಜ್ಯಗಳ ಟೀಚರ್‌ಗಳಿಗೆ ಇಂಗ್ಲಿಷ್ ಕಲಿಸುವ ಬಗೆಯನ್ನು ಹೇಳಿಕೊಡುತ್ತಿದೆ. ಅಲ್ಲಿ ತಿಂಗಳುಗಟ್ಟಲೆ ಕೂತು ಕಲಿತು ಬಂದವರನ್ನು ನಾನು ಬಹಳ ಮಂದಿ ಬಲ್ಲೆ. ಭಾಷೆ ಸುಧಾರಿಸಿರುತ್ತದೆ, ಧೈರ್ಯ ಬಂದಿರುತ್ತದೆ. ಆದರೂ ‘ನಾನು ಇಂಗ್ಲಿಷ್ ಟೀಚರ್’ ಅಂತ ಹೇಳಿಕೊಳ್ಳುವಾಗ ದನಿ ಸ್ವಲ್ಪ ಇಳಿಯುತ್ತದೆ. ಹಳೇ ಹೆಸರು ಹೋಯಿತು, ಹೊಸ ಹೆಸರು ಇನ್ನೂ ಮೈಗೆ ಒಗ್ಗಿಲ್ಲ.

ಆ ಟೀಚರ್ ಪಾಠದಲ್ಲಿ ನನಗೆ ನಿಜವಾಗಿ ನೋವಾಗಿದ್ದು ಉಚ್ಚಾರಣೆಯಿಂದಲ್ಲ. ನಲಿಕಲಿಯಲ್ಲಿ ಮಕ್ಕಳ ಕೆಲಸಗಳನ್ನು ತೂಗುಹಾಕುವ ಕಲಿಕಾ ಚಪ್ಪರದ ಕೆಳಗೆ ಮಕ್ಕಳ ಜೊತೆ ನೆಲದ ಮೇಲೆ ಕೂತು, ಐದು ತಟ್ಟೆಯ, ಅಂದರೆ ಐದು ಗುಂಪಿನ, ಮಕ್ಕಳನ್ನು ಒಂದೇ ಸಲಕ್ಕೆ ಸಂಭಾಳಿಸಿದ ಕೈ ಅದು. ಇಂಗ್ಲಿಷ್ ಪೀರಿಯಡ್ ಬಂತು ಅಂದರೆ ಎದ್ದು ನಿಂತು, ಬೋರ್ಡಿಗೆ ಒರಗಿ, ಒಂದು ಸಾಲು ಓದಿ ಒಂದು ಸಾಲು ಅರ್ಥ ಹೇಳುತ್ತಿದ್ದರು. ಮಕ್ಕಳು ಹಿಂದಿನಿಂದ ಕೋರಸ್. ವಿಷಯ ಬದಲಾಯಿತು ಅಂತ ಕಸುಬನ್ನೇ ಬಾಗಿಲಾಚೆ ಬಿಟ್ಟು ಬಂದಿದ್ದರು. ಕೆಲಸ ಬದಲಾದಾಗ ಗೊತ್ತಿಲ್ಲದ್ದರ ಭಯ ಎಷ್ಟು ದೊಡ್ಡದಾಗುತ್ತದೆ ಅಂದರೆ, ಗೊತ್ತಿರುವುದೂ ಮರೆತುಹೋಗುತ್ತದೆ.

ಈ ನಾಚಿಕೆಗೆ ಒಂದು ಇತಿಹಾಸವಿದೆ. 1961ರಲ್ಲಿ ಉಗಾಂಡಾದ ಮಕೆರೆರೆಯಲ್ಲಿ ಕಾಮನ್‌ವೆಲ್ತ್ ದೇಶಗಳ ಇಂಗ್ಲಿಷ್ ಬೋಧನೆಯ ಬಗ್ಗೆ ಸಮ್ಮೇಳನ ನಡೆಯಿತು. ಇಂಗ್ಲಿಷನ್ನು ಇಂಗ್ಲಿಷಿನಲ್ಲೇ ಕಲಿಸಬೇಕು, ಅದನ್ನು ತಾಯಿನುಡಿಯಾಗಿ ಆಡುವವರೇ ಒಳ್ಳೆಯ ಟೀಚರ್ ಅನ್ನುವಂಥ ನಂಬಿಕೆಗಳು ಅಲ್ಲಿ ಗಟ್ಟಿಯಾದವು. ಇವೆಲ್ಲ ತಪ್ಪು ತಿಳಿವಳಿಕೆ ಅಂತ ಭಾಷಾ ವಿದ್ವಾಂಸ ರಾಬರ್ಟ್ ಫಿಲಿಪ್‌ಸನ್ 1992ರಲ್ಲಿ ಬಿಡಿಸಿ ಹೇಳಿದರು. ವಿದ್ವಾಂಸರ ನಡುವೆ ಆ ನಂಬಿಕೆಗೆ ಪೆಟ್ಟು ಬಿತ್ತು. ನಮ್ಮ ಸ್ಟಾಫ್ ರೂಮಿನಲ್ಲಿ ಅದು ಇನ್ನೂ ಗಟ್ಟಿಯಾಗಿದೆ.

ನಾನು ಆ ಟೀಚರ್‌ಗೆ ಹೇಳಿದ್ದು ಇಷ್ಟು. ಅಂಚಿನ ಕನ್ನಡ ಅಳಿಸಬೇಡಿ. ನೀವು ಎಲ್ಲಿ ಎಡವಿದಿರೋ ಮಕ್ಕಳೂ ಅಲ್ಲೇ ಎಡವುತ್ತಾರೆ, ಅದರ ನಕ್ಷೆ ನಿಮ್ಮ ಕೈಯಲ್ಲಿದೆ. ‘ಎಗ್’ ಅನ್ನುವ ಕಡೆ ಮಕ್ಕಳು ‘ಯೆಗ್ಗು’ ಅನ್ನುತ್ತಾರೆ. ಯಾಕೆ? ನಾವು ‘ಎಂಟು’ ಅಂತ ಬರೆದು ‘ಯೆಂಟು’ ಅಂತ ಆಡುತ್ತೇವೆ. ಪದದ ಕೊನೆಗೆ ಸ್ವರ ಇರದಿದ್ದರೆ ನಮ್ಮ ಬಾಯಿ ಒಪ್ಪುವುದಿಲ್ಲ, ಅದಕ್ಕೇ ಬಸ್ಸು, ಪೆನ್ನು, ಕಾರು. ‘ನನಗೆ ಇಬ್ಬರು ಅಕ್ಕಂದಿರಿದ್ದಾರೆ’ ಅನ್ನುವಾಗ ನಾವು ‘ಇದ್ದಾರೆ’ ಅಂತೀವಿ, ಇಂಗ್ಲಿಷಿನವರು ‘ಹ್ಯಾವ್’ ಅಂತಾರೆ. ಹಾಗಾಗಿ ಮಗು ಆ ‘ಹ್ಯಾವ್’ ಮುಂದೆ ತಡವರಿಸುತ್ತದೆ. ಇದು ಲಂಡನ್ನಿನಿಂದ ಬಂದ ಟೀಚರ್‌ಗೆ ವರ್ಷಗಟ್ಟಲೆ ಹಿಡಿಯುವ ತಿಳಿವಳಿಕೆ. ನಿಮಗೆ ಇದು ಮನೆಯ ಮಾತಿನಲ್ಲೇ ಇದೆ.

ತಪ್ಪು ಉಚ್ಚಾರಣೆ ಪರವಾಗಿಲ್ಲ ಅಂತ ನಾನು ಹೇಳುತ್ತಿಲ್ಲ. ಅದನ್ನು ತಿದ್ದಿಕೊಳ್ಳಲೇಬೇಕು. ಅನುಮಾನ ಬಂದರೆ ಮೊಬೈಲ್ ನಿಘಂಟಿನಲ್ಲಿ ಪದವನ್ನು ಒತ್ತಿ, ಮಕ್ಕಳ ಎದುರೇ ಕೇಳಿಸಿಕೊಳ್ಳಿ, ಅವರ ಜೊತೆಗೇ ಹೇಳಿ. ಟೀಚರ್ ಕೂಡ ಕಲಿಯುತ್ತಾರೆ ಅಂತ ಕಂಡ ಮಗು ಬಾಯಿಬಿಡಲು ಹೆದರುವುದಿಲ್ಲ. ಮೊದಲ ತಿಂಗಳು ದಿನಾ ಬೇಕಾಗುವ ಹತ್ತು ಹದಿನೈದು ಇಂಗ್ಲಿಷ್ ವಾಕ್ಯ ಸಾಕು. ಕೂತ್ಕೊಳ್ಳಿ, ಪುಸ್ತಕ ತೆಗೀರಿ, ಇನ್ನೊಂದು ಸಲ ಹೇಳಿ, ಯಾರು ಬಂದಿಲ್ಲ, ಇಂಥವು. ಅವು ನಾಲಿಗೆ ಮೇಲೆ ಸಲೀಸಾದರೆ ಉಳಿದದ್ದಕ್ಕೆ ಜಾಗ ಸಿಗುತ್ತದೆ.

ಎರಡು ತಿಂಗಳ ಮೇಲೆ ಮತ್ತೆ ಹೋದೆ. ಬೆಂಚುಗಳು ಗೋಡೆಗೆ ಸರಿದಿದ್ದವು. ಮೂವರು ಮಕ್ಕಳು ಎದೆಗೆ ರಟ್ಟಿನ ಕಾರ್ಡು ಹಿಡಿದು ಸಾಲಾಗಿ ನಿಂತಿದ್ದರು: ‘ನಾನು’, ‘ಹಾಲು’, ‘ಕುಡಿಯುತ್ತೇನೆ’. ಟೀಚರ್ ಚಪ್ಪಾಳೆ ತಟ್ಟಿದರು. ಮೂವರೂ ಕಾರ್ಡು ತಿರುಗಿಸಿದರು: ‘ಐ’, ‘ಮಿಲ್ಕ್’, ‘ಡ್ರಿಂಕ್’. ಕೆಳಗೆ ಕೂತವರಿಂದ ಗದ್ದಲ ಎದ್ದಿತು. “ಮಿಸ್, ಮಿಸ್, ಅವ್ಳು ಮಧ್ಯಕ್ಕೆ ಬರ್ಬೇಕು!” ಡ್ರಿಂಕ್ ಹಿಡಿದ ಹುಡುಗಿ ಓಡಿ ಮಧ್ಯಕ್ಕೆ ಬಂದಳು. ಮಿಲ್ಕ್ ಹಿಡಿದ ಹುಡುಗ ಜಾಗ ಬಿಡಲು ಒಪ್ಪಲಿಲ್ಲ. ಟೀಚರ್ ನೆಲದ ಮೇಲೆ ಕೂತಿದ್ದರು, ಬಿಚ್ಚಿದ ಪುಸ್ತಕ ಅವರ ತೊಡೆಯ ಮೇಲಿತ್ತು. ನಾನು ಬಂದದ್ದನ್ನು ಅವರು ಗಮನಿಸಿರಲೇ ಇಲ್ಲ.